ಮೈಸೂರಿನ ದೊಡ್ಡ ಗಡಿಯಾರ

ಮೈಸೂರು ನಗರದ ಹೃದಯಭಾಗದಲ್ಲಿ, ಅರಮನೆಯ ಉತ್ತರ ದಿಕ್ಕಿಗೆ, ಚಾಮರಾಜ ವೃತ್ತ ಹಾಗೂ ರಂಗಾಚಾರ್ಲು ಪುರಭವನದ ಸಮೀಪದಲ್ಲಿ ರಜತ ಮಹೋತ್ಸವ ಗಡಿಯಾರ ಗೋಪುರವಿದೆ. ಜನಬಳಕೆಯಲ್ಲಿ ಇದು ‘ದೊಡ್ಡ ಗಡಿಯಾರ’ ಎಂದೇ ಪ್ರಸಿದ್ಧವಾಗಿದೆ.

ಹಿನ್ನೆಲೆ

ನಾಲ್ವಡಿ ಕೃಷ್ಣರಾಜ ಒಡೆಯರು 1902ರ ಆಗಸ್ಟ್ 8ರಂದು ರಾಜ್ಯಾಡಳಿತದ ಅಧಿಕಾರವನ್ನು ವಹಿಸಿಕೊಂಡರು. ಅವರ ಆಡಳಿತಕ್ಕೆ 25 ವರ್ಷಗಳು ತುಂಬಿದ 1927ರಲ್ಲಿ ರಜತ ಮಹೋತ್ಸವವನ್ನು ಆಚರಿಸಲಾಯಿತು. ಆ ಸಂದರ್ಭದ ನೆನಪಿಗಾಗಿ ಅರಮನೆಯ ನೌಕರರು ಕೃತಜ್ಞತಾಪೂರ್ವಕವಾಗಿ ಈ ಗೋಪುರವನ್ನು ನಿರ್ಮಿಸಿದರು. ನಗರದ ಅನೇಕ ಸ್ಮಾರಕಗಳು ರಾಜಾಜ್ಞೆಯಿಂದ ನಿರ್ಮಾಣಗೊಂಡಿದ್ದರೆ, ದೊಡ್ಡ ಗಡಿಯಾರವು ನೌಕರ ವರ್ಗದ ಕಾಣಿಕೆಯಾಗಿರುವುದು ಇದರ ವೈಶಿಷ್ಟ್ಯ.

ರಚನೆ

ಇಂಡೋ-ಸಾರ್ಸೆನಿಕ್ ಶೈಲಿಯ ಈ ಗೋಪುರವು 75 ಅಡಿ ಎತ್ತರವಿದ್ದು, ಶಿಖರದಲ್ಲಿ ಗುಮ್ಮಟವನ್ನು ಹೊಂದಿದೆ. ಗಡಿಯಾರದ ಮುಖದ ಮೇಲೆ ೧ರಿಂದ ೧೨ರವರೆಗಿನ ಕನ್ನಡ ಅಂಕಿಗಳಿವೆ. ಕೈಗಡಿಯಾರವು ಎಲ್ಲರ ಬಳಿ ಇಲ್ಲದಿದ್ದ ಕಾಲದಲ್ಲಿ ನಿರ್ಮಿಸಲಾದ ಈ ಸಾರ್ವಜನಿಕ ಗಡಿಯಾರದಲ್ಲಿ, ಕನ್ನಡ ಬಲ್ಲವರು ತಮ್ಮ ಭಾಷೆಯಲ್ಲಿಯೇ ವೇಳೆಯನ್ನು ಓದಿಕೊಳ್ಳಬಹುದಾಗಿತ್ತು.

ಚಿಕ್ಕ ಗಡಿಯಾರ

ದೊಡ್ಡ ಗಡಿಯಾರಕ್ಕಿಂತಲೂ ಹಳೆಯದಾದ ‘ಚಿಕ್ಕ ಗಡಿಯಾರ’ವು ದೇವರಾಜ ಮಾರುಕಟ್ಟೆಯ ಬಳಿಯಿದೆ. ವೈಸ್‌ರಾಯ್ ಲಾರ್ಡ್ ಡಫರಿನ್ ಅವರ ಭೇಟಿಯ ಸ್ಮರಣಾರ್ಥ 1886ರಲ್ಲಿ ಇದನ್ನು ನಿರ್ಮಿಸಲಾಯಿತು. ನಗರಕ್ಕೆ ಹೊಸದಾಗಿ ಬರುವವರು ಸ್ಥಳದ ಗುರುತು ಕೇಳುವಾಗ ಈ ಎರಡು ಗಡಿಯಾರಗಳನ್ನು ಪ್ರತ್ಯೇಕವಾಗಿ ಗಮನಿಸುವುದು ಸೂಕ್ತ.

ಸಂರಕ್ಷಣೆಯ ಅಗತ್ಯ

ಚಿಕ್ಕ ಗಡಿಯಾರದ ಪಕ್ಕದಲ್ಲಿರುವ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಮೃತಪಟ್ಟರು. ದೇವರಾಜ ಮಾರುಕಟ್ಟೆಯ ಒಂದು ಭಾಗವು 2016ರ ಆಗಸ್ಟ್‌ನಲ್ಲಿ ಕುಸಿಯಿತು. ದೊಡ್ಡ ಗಡಿಯಾರ ಗೋಪುರದಲ್ಲಿಯೂ 2010ರ ದಶಕದಲ್ಲಿ ಬಿರುಕುಗಳು ಕಾಣಿಸಿಕೊಂಡವು. ಹಳೆಯ ಕಟ್ಟಡಗಳಲ್ಲಿ ಮಳೆನೀರು ಇಂಗುವುದರಿಂದಲೂ, ಸಂದುಗಳಲ್ಲಿ ಅರಳಿ, ಆಲದಂತಹ ಗಿಡಗಳು ಬೇರೂರುವುದರಿಂದಲೂ ಗೋಡೆಗಳು ಶಿಥಿಲಗೊಳ್ಳುತ್ತವೆ. ಗಾರೆಯ ಕಟ್ಟಡಗಳಿಗೆ ಸಿಮೆಂಟ್ ಲೇಪಿಸಿದಲ್ಲಿ ತೇವಾಂಶವು ಒಳಗೇ ಉಳಿದು ಹಾನಿ ಹೆಚ್ಚುವುದರಿಂದ, ದುರಸ್ತಿಗೆ ಸುಣ್ಣದ ಗಾರೆಯನ್ನೇ ಬಳಸುವುದು ಸರಿಯಾದ ಕ್ರಮ. ಸಣ್ಣ ಬಿರುಕನ್ನು ಸಕಾಲದಲ್ಲಿ ಸರಿಪಡಿಸುವುದರಿಂದ ಸ್ಮಾರಕವೂ ಜನರ ಪ್ರಾಣವೂ ಉಳಿಯುತ್ತವೆ.

ಸಾರ್ವಜನಿಕರ ಗಮನಕ್ಕೆ

• ಕರ್ನಾಟಕ ತೆರೆದ ಸ್ಥಳಗಳ (ವಿರೂಪಗೊಳಿಸುವಿಕೆ ತಡೆ) ಅಧಿನಿಯಮ, 1981ರ ಮೇರೆಗೆ, ಸಾರ್ವಜನಿಕರಿಗೆ ಕಾಣುವ ಸ್ಥಳಗಳಲ್ಲಿ ಸ್ಥಳೀಯ ಪ್ರಾಧಿಕಾರದ ಲಿಖಿತ ಅನುಮತಿಯಿಲ್ಲದೆ ಜಾಹೀರಾತು ಪ್ರದರ್ಶಿಸುವುದು ಶಿಕ್ಷಾರ್ಹ ಅಪರಾಧವಾಗಿರುತ್ತದೆ.
• ಸಭೆ, ಸಮಾರಂಭಗಳ ಅನುಮತಿಗಾಗಿ ಅರ್ಜಿ ಸಲ್ಲಿಸುವವರು ಬ್ಯಾನರ್ ಹಾಗೂ ತೋರಣಗಳನ್ನು ಗೋಪುರಕ್ಕೆ ಕಟ್ಟಬಾರದು, ಮೊಳೆ ಹೊಡೆಯಬಾರದು.
• ಗೋಡೆಯಲ್ಲಿ ಬಿರುಕು, ಗಿಡ ಅಥವಾ ಉದುರುತ್ತಿರುವ ಗಾರೆ ಕಂಡುಬಂದಲ್ಲಿ ಮಹಾನಗರ ಪಾಲಿಕೆಯ ಗಮನಕ್ಕೆ ತರುವುದು.

ನೌಕರರ ಕಾಣಿಕೆಯಾಗಿ ನಗರಕ್ಕೆ ಸಂದ ಈ ಗಡಿಯಾರವನ್ನು ಮುಂದಿನ ಪೀಳಿಗೆಗೆ ಉಳಿಸಿಕೊಡುವಲ್ಲಿ ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.