ಮೇಜಿನ ಮೇಲೆ ಯುದ್ಧ: ಹೊಸ ಆಟಕ್ಕೆ ದುಡ್ಡು ಹಾಕೋ ಮುನ್ನ ಪರೀಕ್ಷೆ ಹೇಗೆ?

ಶ್ರೀರಂಗಪಟ್ಟಣದ ಕೋಟೆ, ಕಾವೇರಿ, ಟಿಪ್ಪುವಿನ ರಾಕೆಟ್ ಮಂಡ್ಯ ಭಾಗದವರಿಗೆ ಹೊಸದಲ್ಲ. ಆದ್ರೆ ಇದೇ ಮೈಸೂರು ಯುದ್ಧಗಳನ್ನು ಪುಟ್ಟ ಗೊಂಬೆ ಸೈನಿಕರನ್ನಿಟ್ಟು ಮೇಜಿನ ಮೇಲೆ ಆಡುವವರು ಬ್ರಿಟನ್‌ನಲ್ಲಿದ್ದಾರೆ ಅಂದ್ರೆ ಹಲವರಿಗೆ ಅಚ್ಚರಿಯಾಗಬಹುದು. ಅಲ್ಲಿ ಇದಕ್ಕಂತಲೇ ಕ್ಲಬ್‌ಗಳಿವೆ.

ಏನಿದು ಆಟ?

ಚೌಕಾಬಾರದಂತೆ ಇದರಲ್ಲಿ ಮನೆಗಳಿಲ್ಲ. ಟೇಪ್ ಹಿಡಿದು ಅಳೆದು ಪಡೆ ನಡೆಸಬೇಕು, ಹೊಡೆದಾಟದ ಫಲಿತಾಂಶಕ್ಕೆ ದಾಳ ಉರುಳಿಸಬೇಕು. 1824ರಲ್ಲಿ ಪ್ರಷ್ಯಾದಲ್ಲಿ ಸೇನಾಧಿಕಾರಿಗಳ ತರಬೇತಿಗೆ ಇಂಥ ಆಟದ ನಿಯಮಗಳು ಅಚ್ಚಾದವು. 1913ರಲ್ಲಿ ಲೇಖಕ ಎಚ್.ಜಿ. ವೆಲ್ಸ್ 'ಲಿಟಲ್ ವಾರ್ಸ್' ಪುಸ್ತಕ ಬರೆದು ಅದನ್ನು ಮನೆಯೊಳಗಿನ ಆಟವಾಗಿಸಿದರು.

ಖರ್ಚು ಎಲ್ಲಿ?

ನಿಯಮದ ಪುಸ್ತಕಕ್ಕಿಂತ ಗೊಂಬೆಗಳ ಖರ್ಚೇ ಹೆಚ್ಚು. ಗೊಂಬೆಗಳು ಸಾಮಾನ್ಯವಾಗಿ ಬಣ್ಣವಿಲ್ಲದೆ ಬರುತ್ತವೆ, ಒಂದೊಂದಕ್ಕೂ ಕೈಯಾರೆ ಬಣ್ಣ ಹಚ್ಚಬೇಕು. ದೊಡ್ಡ ಸೇನೆಯಾದರೆ ತಿಂಗಳುಗಳೇ ಹಿಡಿಯುತ್ತವೆ. ಆಮೇಲೆ ಆಟ ಹಿಡಿಸದಿದ್ದರೆ ದುಡ್ಡೂ ಹೋಯ್ತು, ಸಮಯವೂ ಹೋಯ್ತು. ಆಡಲು ಎದುರಾಳಿಯೂ ಬೇಕಲ್ವಾ? ಹಾಗಾಗಿ ಒಬ್ಬರಿಗೆ ಹಿಡಿಸಿದರೆ ಸಾಲದು, ಕ್ಲಬ್‌ನ ನಾಲ್ಕೈದು ಜನ ಒಪ್ಪಬೇಕು.

ಪರೀಕ್ಷೆ ಹೇಗೆ?

* ಒಬ್ಬರು ನಿಯಮ ಪೂರ್ತಿ ಓದಿಕೊಂಡು ಬಂದು ಉಳಿದವರಿಗೆ ಆಡಿಸುತ್ತಾರೆ.
* ಮೊದಲ ದಿನ ಸಣ್ಣ ಸೇನೆ ಸಾಕು. ಗೊಂಬೆ ಇಲ್ಲದಿದ್ದರೆ ಅದೇ ಅಳತೆಯ ರಟ್ಟಿನ ತುಂಡು ನಡೆಯುತ್ತದೆ.
* ಎರಡನೇ ಆಟದಲ್ಲಿ ಸೇನೆ ಅದಲುಬದಲು. ಇಬ್ಬರು ಆಡಿದರೂ ಒಂದೇ ಪಕ್ಷ ಸೋತರೆ ದೋಷ ಆಟದ್ದೇ ಇರಬಹುದು.
* ಮೂರ್ನಾಲ್ಕು ಸರದಿ ಆದ ಮೇಲೂ ಪ್ರತಿ ನಡೆಗೆ ಪುಸ್ತಕ ತಿರುವಬೇಕಾದರೆ ಆಟ ಹೊಸಬರಿಗೆ ಕಷ್ಟ ಅಂತಲೇ ಲೆಕ್ಕ.

1990ರಲ್ಲಿ ಬಂದ 'ಡಿಬಿಎ' ಜನಪ್ರಿಯವಾಗಲು ಇದೇ ಸರಳತೆ ಕಾರಣ. ಒಂದೊಂದು ಕಡೆ 12 ತುಕಡಿ, ಎರಡಡಿ ಚೌಕದ ಜಾಗ, ಸುಮಾರು ಒಂದು ಗಂಟೆಯ ಆಟ. ಪ್ರತಿ ಸರದಿಗೆ ದಾಳದಲ್ಲಿ ಬಿದ್ದಷ್ಟೇ ಆಜ್ಞೆ ಕೊಡಬಹುದು. ಒಂದು ಬಿದ್ದರೆ ಸೇನಾಪತಿ ಎಷ್ಟೇ ಜಾಣನಾದರೂ ಒಂದೇ ಗುಂಪು ಕದಲುತ್ತದೆ.

ಸೋತವರಿಗೂ ಅವಕಾಶ ಬೇಕು

ಐತಿಹಾಸಿಕ ಆಟದ ನಿಜವಾದ ಪರೀಕ್ಷೆ ಇಲ್ಲಿದೆ. 1799ರ ಮೇ 4ರಂದು ಬ್ರಿಟಿಷರು ನೀರು ಇಳಿದಿದ್ದ ಕಾವೇರಿ ದಾಟಿ, ಗೋಡೆ ಒಡೆದ ಜಾಗದಿಂದ ಶ್ರೀರಂಗಪಟ್ಟಣ ಕೋಟೆಗೆ ನುಗ್ಗಿದರು. ಟಿಪ್ಪು ಅಂದೇ ಮಡಿದ. ಇದನ್ನು ಇದ್ದ ಹಾಗೇ ಆಡಿಸಿದರೆ ಮೈಸೂರು ಪಡೆ ಆಡುವವನಿಗೆ ಮಾಡಲು ಏನೂ ಉಳಿಯದು. ಆದರೆ ಬ್ರಿಟಿಷರಿಗೂ ಅವಸರವಿತ್ತು: ದವಸ ಕಮ್ಮಿಯಾಗಿತ್ತು, ಮಳೆಗಾಲ ಬಂದು ಹೊಳೆ ತುಂಬಿದರೆ ದಾಟುವುದೇ ಕಷ್ಟ. ಹಾಗಾಗಿ 'ಇಷ್ಟು ಸರದಿ ಕೋಟೆ ಉಳಿಸಿಕೊಂಡರೆ ಮೈಸೂರಿಗೆ ಗೆಲುವು' ಅಂತ ನಿಯಮವಿಟ್ಟರೆ ಇಬ್ಬರಿಗೂ ಆಟ ಇರುತ್ತದೆ. ಇತಿಹಾಸವೂ ಸುಳ್ಳಾಗುವುದಿಲ್ಲ, ಆ ಮೇ ತಿಂಗಳ ಒಂದೊಂದು ದಿನವೂ ಎಷ್ಟು ಮುಖ್ಯವಾಗಿತ್ತು ಅನ್ನೋದು ಆಡುವವರಿಗೆ ತಿಳಿಯುತ್ತದೆ.

ಮನೆಯಲ್ಲೇ ನೋಡಬೇಕೆಂದರೆ?

ವಿದೇಶದಿಂದ ಏನೂ ತರಿಸಬೇಕಿಲ್ಲ. ರಟ್ಟು, ಸ್ಕೆಚ್ ಪೆನ್, ಎರಡು ದಾಳ, ಒಂದು ಟೇಪ್ ಊರಿನ ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತವೆ. ಹೊಳೆಗೆ ನೀಲಿ ಬಟ್ಟೆ ಹಾಸಿದರಾಯ್ತು. ಆಟ ಹಿಡಿಸಿದ ಮೇಲೆ ಗೊಂಬೆಗಳ ಮಾತು.