ಅಪ್ಪಣೆ ಕೊಡುವವರು ಯಾರು?

ಬೆಂಗಳೂರಿನ ಆರ್‌ಪಿಸಿ ಲೇಔಟ್–ಹಂಪಿನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಎಎಸ್, ಪಿಡಿಒ ಪರೀಕ್ಷೆಗೆ ಕೂತ ಹುಡುಗರಿಗೆ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ವಿಧಿ ಬಾಯಿಪಾಠ. ಆ ಹಕ್ಕು ಇಲ್ಲದ ಕಾಲದಲ್ಲಿ ಮೈಸೂರಿನ ಪತ್ರಕರ್ತರು ಪಟ್ಟ ಪಾಡು ಮಾತ್ರ ಗೈಡುಗಳಲ್ಲಿ ಸಿಗುವುದಿಲ್ಲ.

1908. ವಿ.ಪಿ. ಮಾಧವರಾಯರು ದಿವಾನರು. ಆ ವರ್ಷ ಬಂದ ಪತ್ರಿಕಾ ಕಾಯ್ದೆಯ ಪ್ರಕಾರ ಮೈಸೂರು ಸಂಸ್ಥಾನದಲ್ಲಿ ಪತ್ರಿಕೆ ಹೊರಡಿಸಲು ಸರ್ಕಾರದ ಅಪ್ಪಣೆ ಬೇಕು. ಕೊಟ್ಟ ಅಪ್ಪಣೆಯನ್ನು ಕಿತ್ತುಕೊಳ್ಳುವುದೂ ಸರ್ಕಾರವೇ. ‘ತಾತಯ್ಯ’ ಎಂದೇ ಊರೆಲ್ಲ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅಪ್ಪಣೆಗಾಗಿ ಕೈಚಾಚಲಿಲ್ಲ. ‘ವೃತ್ತಾಂತ ಚಿಂತಾಮಣಿ’ ಸೇರಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಮರಿಮಲ್ಲಪ್ಪ ಶಾಲೆಯ ಈ ಮೇಷ್ಟ್ರು ಬೀದಿಗಿಳಿದು ಕೂಗಾಡುವ ಪೈಕಿಯಲ್ಲ. ಅವರ ಪ್ರತಿಭಟನೆ ಅಷ್ಟೇ, ಆದರೆ ಅಷ್ಟು ಸಾಕಿತ್ತು.

ಸಂವಿಧಾನದಲ್ಲಿ ಪತ್ರಿಕೆಗೆಂದೇ ಬೇರೆ ಹಕ್ಕು ಬರೆದಿಲ್ಲ. ಸಂಪಾದಕನೂ ಒಬ್ಬ ನಾಗರಿಕನೇ, ನಾಗರಿಕನ ಹಕ್ಕೇ ಅವನಿಗೂ ಸಾಕು ಎಂಬುದು ಅಂಬೇಡ್ಕರ್ ವಾದ. 1951ರ ಮೊದಲ ತಿದ್ದುಪಡಿ ಆ ಹಕ್ಕಿನ ಮೇಲಿನ ನಿರ್ಬಂಧಗಳ ಪಟ್ಟಿಯನ್ನು ಉದ್ದ ಮಾಡಿತು.

ಬಾಯಿ ಮುಚ್ಚಿಸಲು ನಿಷೇಧವೇ ಬೇಕಿಲ್ಲ, ಕಾಗದ ತುಟ್ಟಿಯಾದರೂ ಸಾಕು. 1981ರಲ್ಲಿ ಕೇಂದ್ರ ಸರ್ಕಾರ ಆಮದು ಮುದ್ರಣ ಕಾಗದದ ಮೇಲೆ ಸುಂಕ ಹಾಕಿತು, ಇಂಡಿಯನ್ ಎಕ್ಸ್‌ಪ್ರೆಸ್ ಕೋರ್ಟಿಗೆ ಹೋಯಿತು. 1984ರ ಡಿಸೆಂಬರ್‌ನಲ್ಲಿ ತೀರ್ಪು ಬರೆದವರು ಮಂಡ್ಯ ಸೀಮೆಯ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. ಪತ್ರಿಕೆಗೂ ತೆರಿಗೆ ಹಾಕಬಹುದು, ಆದರೆ ಅದು ಪತ್ರಿಕೆಯ ಕತ್ತು ಹಿಸುಕುವಂತಿರಬಾರದು ಎಂದು ಹೇಳಿ, ಸುಂಕವನ್ನು ಮರುಪರಿಶೀಲಿಸಲು ಸೂಚಿಸಿದರು. ಕನ್ನಡ ಪತ್ರಿಕೋದ್ಯಮದ ಪಾಠಗಳಲ್ಲಿ ಈ ಹೆಸರು ಇನ್ನಷ್ಟು ಕೇಳಿಬರಬೇಕಿತ್ತು.

ಇನ್ನು 2017. ಶಾಸಕರ ಬಗ್ಗೆ ಬರೆದದ್ದಕ್ಕೆ ಪತ್ರಕರ್ತರಾದ ರವಿ ಬೆಳಗೆರೆ ಮತ್ತು ಅನಿಲ್ ರಾಜು ಅವರಿಗೆ ಹಕ್ಕುಚ್ಯುತಿಯ ಹೆಸರಿನಲ್ಲಿ ಕರ್ನಾಟಕ ವಿಧಾನಸಭೆಯೇ ಒಂದು ವರ್ಷ ಜೈಲು, ಹತ್ತು ಸಾವಿರ ರೂಪಾಯಿ ದಂಡ ವಿಧಿಸಿತು. ಅವರ ಬರಹ ಹಿಡಿಸುವುದು, ಬಿಡುವುದು ಬೇರೆ ಮಾತು. ನೊಂದವರ ಸದನವೇ ನ್ಯಾಯಾಲಯವಾಗಬಹುದೇ? ಅದೇ ವರ್ಷ ಸೆಪ್ಟೆಂಬರ್ 5ರ ರಾತ್ರಿ, ಆ ಗ್ರಂಥಾಲಯಕ್ಕೆ ಕೆಲವೇ ಕಿಲೋಮೀಟರ್ ದೂರದ ರಾಜರಾಜೇಶ್ವರಿ ನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಮನೆಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಅಲ್ಲಿ ಅಪ್ಪಣೆ, ಸುಂಕ, ಹಕ್ಕುಚ್ಯುತಿ ಯಾವುದರ ನೆಪವೂ ಇರಲಿಲ್ಲ.

ಆ ಜೈಲುಶಿಕ್ಷೆಗೆ ಆಧಾರವಾದ ಶಾಸಕರ ಹಕ್ಕುಬಾಧ್ಯತೆಗಳು ಎಲ್ಲಿ ಶುರು, ಎಲ್ಲಿ ಮುಗಿಯುತ್ತವೆ ಎಂದು ಕಾನೂನು ಮಾಡಿ ಬರೆದಿಡಲು ಸಂವಿಧಾನದ 194(3) ವಿಧಿಯಲ್ಲೇ ಅವಕಾಶವಿದೆ. ಮತ ಕೇಳಲು ಬಂದವರನ್ನು ಅದೇಕೆ ಇನ್ನೂ ಮಾಡಿಲ್ಲ ಎಂದು ಒಮ್ಮೆ ಕೇಳಿ ನೋಡಿ.