ರ‍್ಯಾಂಕ್ ಇರುವುದು ವಿಭಾಗಕ್ಕೆ, ಓದುವುದು ಮಗಳು

ಏಪ್ರಿಲ್ ಬಂತೆಂದರೆ ಅಮೆರಿಕದ ಕನ್ನಡ ಮನೆಗಳಲ್ಲಿ, ಫ್ರೀಮಾಂಟ್‌ನಿಂದ ಹಿಡಿದು ಎಡಿಸನ್‌ವರೆಗೆ, ಊಟದ ಹೊತ್ತಿನ ಮಾತೆಲ್ಲ ಕಾಲೇಜಿನದೇ. ಹನ್ನೆರಡನೇ ತರಗತಿಯ ಮಕ್ಕಳು ಸಾಮಾನ್ಯವಾಗಿ ಮೇ 1ರೊಳಗೆ ಒಂದು ಕಡೆ ಒಪ್ಪಿಗೆ ತಿಳಿಸಬೇಕು. ಹೆಸರಾಂತ ಖಾಸಗಿ ವಿಶ್ವವಿದ್ಯಾಲಯ ಕೈತಪ್ಪಿದ, ಇಲ್ಲವೇ ಅಲ್ಲಿನ ಶುಲ್ಕ ಭರಿಸಲಾಗದ ಎಷ್ಟೋ ಜಾಣ ಮಕ್ಕಳ ಮುಂದೆ ಸರ್ಕಾರಿ ವಿಶ್ವವಿದ್ಯಾಲಯದ ಆನರ್ಸ್ ಕಾಲೇಜಿನ, ಅಂದರೆ ಜಾಣ ವಿದ್ಯಾರ್ಥಿಗಳಿಗೆಂದೇ ಇರುವ ವಿಶೇಷ ಕಾರ್ಯಕ್ರಮದ, ಪ್ರವೇಶಪತ್ರ ಇರುತ್ತದೆ. ಅದನ್ನು ಓದಿದ ಅಪ್ಪ ಮೊದಲು ತೆರೆಯುವುದು ಕಂಪ್ಯೂಟರ್ ಸೈನ್ಸ್ ವಿಭಾಗದ ರ‍್ಯಾಂಕ್ ಪಟ್ಟಿಯನ್ನು. ಕಾಲೇಜು ಮುಖ್ಯವೋ ಬ್ರಾಂಚ್ ಮುಖ್ಯವೋ ಎಂದು ತಲೆಕೆಡಿಸಿಕೊಂಡು ಸಿಇಟಿ ಸೀಟು ಹಿಡಿದ ತಲೆಮಾರು ಅದು. ಪಟ್ಟಿ ನೋಡುವುದು ತಪ್ಪಲ್ಲ. ಆದರೆ ಆ ಪಟ್ಟಿ ಏನನ್ನು ಅಳೆದಿದೆ ಎಂದು ತಿಳಿಯದೆ ನಾಲ್ಕು ವರ್ಷದ ಓದನ್ನು ಅದರ ಮೇಲೆ ನಿಲ್ಲಿಸುವುದು ನನಗೆ ಆತಂಕದ ಸಂಗತಿಯಾಗಿ ಕಾಣುತ್ತದೆ.

ವಿಭಾಗಗಳನ್ನು ಸಾಲಿನಲ್ಲಿ ನಿಲ್ಲಿಸುವ ಪದ್ಧತಿಗೆ ನೂರು ವರ್ಷ ದಾಟಿದೆ. ಓಹಿಯೋದ ಮಿಯಾಮಿ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ರೇಮಂಡ್ ಹ್ಯೂಸ್ 1925ರಲ್ಲಿ ಅಂಥದೊಂದು ಅಧ್ಯಯನ ಪ್ರಕಟಿಸಿದರು. ಯಾವ ವಿಷಯಕ್ಕೆ ಯಾವ ವಿಶ್ವವಿದ್ಯಾಲಯ ಮೇಲು ಎಂದು ಆಯಾ ವಿಷಯದ ಪ್ರಾಧ್ಯಾಪಕರನ್ನೇ ಕೇಳಿ ತಯಾರಿಸಿದ ಪಟ್ಟಿ ಅದು. ಅದರ ವಿಷಯ ಸ್ನಾತಕೋತ್ತರ ಅಧ್ಯಯನ. ಪದವಿ ತರಗತಿಯ ಪಾಠ ಹೇಗಿದೆ ಎಂಬುದಲ್ಲ. ಇಂದು ಯುಎಸ್ ನ್ಯೂಸ್ ಪ್ರಕಟಿಸುವ ವಿಜ್ಞಾನ ವಿಷಯಗಳ ಪಿಎಚ್‌ಡಿ ವಿಭಾಗಗಳ ರ‍್ಯಾಂಕಿಂಗ್ ಕೂಡ ಅದೇ ದಾರಿಯದು. ಆಯಾ ಕ್ಷೇತ್ರದ ವಿಭಾಗ ಮುಖ್ಯಸ್ಥರು, ಪಿಎಚ್‌ಡಿ ನಿರ್ದೇಶಕರು ಬೇರೆ ವಿಭಾಗಗಳಿಗೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ, ಸರಾಸರಿಯೇ ರ‍್ಯಾಂಕ್. ಪ್ರಶ್ನಾವಳಿ ತಲುಪಿದವರಲ್ಲಿ ಹೆಚ್ಚಿನವರು ಉತ್ತರಿಸುವುದೇ ಇಲ್ಲ. ತರಗತಿ ಎಷ್ಟು ದೊಡ್ಡದು, ಪಾಠ ಮಾಡುವವರು ಯಾರು, ಮೊದಲ ವರ್ಷದ ಹುಡುಗಿಗೆ ಪ್ರಾಧ್ಯಾಪಕರ ಬಾಗಿಲು ತೆರೆದಿರುತ್ತದೆಯೇ ಎಂಬ ಯಾವುದಕ್ಕೂ ಅಲ್ಲಿ ಅಂಕವಿಲ್ಲ.

ಇದಕ್ಕಿಂತ ಪ್ರಾಮಾಣಿಕವಾದ ಪ್ರಯತ್ನವೂ ಒಮ್ಮೆ ನಡೆದಿತ್ತು. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2010ರಲ್ಲಿ 212 ವಿಶ್ವವಿದ್ಯಾಲಯಗಳ 5,000ಕ್ಕೂ ಹೆಚ್ಚು ಪಿಎಚ್‌ಡಿ ಕಾರ್ಯಕ್ರಮಗಳನ್ನು ಅಳೆದಾಗ ಯಾವುದಕ್ಕೂ ಒಂದೇ ಸಂಖ್ಯೆ ಕೊಡಲಿಲ್ಲ. ಈ ವಿಭಾಗ ಇಂತಿಷ್ಟನೇ ಸ್ಥಾನದಿಂದ ಇಂತಿಷ್ಟನೇ ಸ್ಥಾನದೊಳಗೆ ಎಲ್ಲೋ ಇದೆ ಎಂದಷ್ಟೇ ಹೇಳಿತು. ಮಾಹಿತಿ ಹಳೆಯದಾಗಿತ್ತು, ಜನರಿಗೆ ಅರ್ಥವಾಗುವುದು ಕಷ್ಟ ಎಂಬ ದೂರುಗಳೂ ಬಂದವು. ಆದರೂ ಆ ಲೆಕ್ಕದ ಬುದ್ಧಿವಂತಿಕೆಯನ್ನು ಪಾಲಕರು ಇಟ್ಟುಕೊಳ್ಳಬೇಕು. ಹನ್ನೆರಡನೆಯ ವಿಭಾಗಕ್ಕೂ ಹತ್ತೊಂಬತ್ತನೆಯದಕ್ಕೂ ಇರುವ ಅಂತರ ಪದವಿ ಓದುವ ಹುಡುಗಿಯ ಅನುಭವಕ್ಕೆ ಬರುವಂಥದ್ದಲ್ಲ. ಹನ್ನೆರಡಕ್ಕೂ ತೊಂಬತ್ತಕ್ಕೂ ಇರುವ ಅಂತರ ಬರಬಹುದು.

ಹಾಗಿದ್ದರೆ ಪಟ್ಟಿಯನ್ನು ಎತ್ತಿ ಪಕ್ಕಕ್ಕಿಡಬಹುದಲ್ಲ? ಸಾಧಾರಣ ವಿದ್ಯಾರ್ಥಿಯ ವಿಷಯದಲ್ಲಿ ನಾನು ಹೆಚ್ಚುಕಡಿಮೆ ಹಾಗೇ ಹೇಳುತ್ತಿದ್ದೆ. ಆನರ್ಸ್ ವಿದ್ಯಾರ್ಥಿಯ ಮಾತು ಬೇರೆ. ಮೊದಲೆರಡು ವರ್ಷ ಆಕೆ ಇಪ್ಪತ್ತು ಇಪ್ಪತ್ತೈದು ಜನರ ಸೆಮಿನಾರುಗಳಲ್ಲಿ ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರ ಓದಿಯಾಳು. ಮೂರನೇ ವರ್ಷದಿಂದ ಅವಳ ಬದುಕೆಲ್ಲ ವಿಭಾಗದಲ್ಲೇ. ಪಿಎಚ್‌ಡಿ ವಿದ್ಯಾರ್ಥಿಗಳ ಕೋರ್ಸಿಗೆ ಸೇರುವುದು, ಲ್ಯಾಬಿನಲ್ಲಿ ಜಾಗ ಹಿಡಿಯುವುದು, ಕೊನೆಗೆ ಪ್ರಾಧ್ಯಾಪಕರೊಬ್ಬರ ಕೈಕೆಳಗೆ ಥೀಸಿಸ್ ಬರೆಯುವುದು ಎಲ್ಲ ಅಲ್ಲೇ. ಅರಿಜೋನಾ ಸ್ಟೇಟ್‌ನ ಬ್ಯಾರೆಟ್, ಪೆನ್ ಸ್ಟೇಟ್‌ನ ಶ್ರೈಯರ್, ಒರೆಗಾನ್‌ನ ಕ್ಲಾರ್ಕ್ ಕಾಲೇಜುಗಳಲ್ಲಿ ಥೀಸಿಸ್ ಕಡ್ಡಾಯ. ವಿಭಾಗದಲ್ಲಿ ಒಳ್ಳೆಯ ಸಂಶೋಧಕರಿಲ್ಲದಿದ್ದರೆ ಆ ಥೀಸಿಸ್‌ಗೆ ಮಾರ್ಗದರ್ಶಕರು ಎಲ್ಲಿಂದ ಬರಬೇಕು? ಸಂಶೋಧನೆಯ ಹೆಸರನ್ನು ಅಳೆಯುವ ಪಟ್ಟಿ ಇವಳಿಗೆ ನಿಜಕ್ಕೂ ಉಪಯೋಗಕ್ಕೆ ಬರುವುದು ಈ ಹಂತದಲ್ಲಿ.

ಟೂಸಾನ್‌ನಲ್ಲಿರುವ ಅರಿಜೋನಾ ವಿಶ್ವವಿದ್ಯಾಲಯವನ್ನು ನೋಡಿ. ವಿಶ್ವವಿದ್ಯಾಲಯಗಳ ಒಟ್ಟಾರೆ ಪಟ್ಟಿಯಲ್ಲಿ ಅದು ನೂರರ ಆಸುಪಾಸಿನಲ್ಲಿ ಸುಳಿದಾಡುತ್ತದೆ. ನಮ್ಮವರು ಅಷ್ಟಕ್ಕೇ ಮುಂದಕ್ಕೆ ಹೋಗಿಬಿಡುತ್ತಾರೆ. ಆದರೆ ಗ್ರಹವಿಜ್ಞಾನದಲ್ಲಿ ಅದಕ್ಕೆ ಸಮನಾದ ಕಡೆಗಳು ಬೆರಳೆಣಿಕೆಯಷ್ಟು. ಖಗೋಳವಿಜ್ಞಾನಿ ಗೆರಾರ್ಡ್ ಕೈಪರ್ 1960ರಲ್ಲಿ ಅಲ್ಲಿ ಚಂದ್ರ ಮತ್ತು ಗ್ರಹಗಳ ಪ್ರಯೋಗಾಲಯ ಕಟ್ಟಿದರು. ಬೆನ್ನು ಎಂಬ ಕ್ಷುದ್ರಗ್ರಹದ ಮಣ್ಣನ್ನು 2023ರ ಸೆಪ್ಟೆಂಬರಿನಲ್ಲಿ ಯೂಟಾ ಮರುಭೂಮಿಗೆ ಇಳಿಸಿದ ನಾಸಾದ ಒಸೈರಿಸ್-ರೆಕ್ಸ್ ಯೋಜನೆಯ ನೇತೃತ್ವ ವಹಿಸಿದ್ದು ಇದೇ ವಿಶ್ವವಿದ್ಯಾಲಯ. ಪದವಿ ವಿದ್ಯಾರ್ಥಿಗಳೂ ಅದರಲ್ಲಿ ದುಡಿದರು. ಯೋಜನೆಯ ಮುಖ್ಯಸ್ಥ ಡಾಂಟೆ ಲಾರೆಟಾ ಸ್ವತಃ ಅಲ್ಲೇ ಪದವಿ ಓದಿದವರು. ಆಕಾಶದ ಹುಚ್ಚಿರುವ ಮಗುವಿಗೆ ಅಲ್ಲಿನ ಆನರ್ಸ್ ಸೀಟು ಎಂಥ ಭಾಗ್ಯ ಎಂಬುದನ್ನು ಒಟ್ಟು ರ‍್ಯಾಂಕ್ ಹೇಳುವುದಿಲ್ಲ, ವಿಭಾಗದ ಹೆಸರು ಹೇಳುತ್ತದೆ.

ಎಲ್ಲ ಆನರ್ಸ್ ಕಾರ್ಯಕ್ರಮಗಳಿಗೂ ವಿಭಾಗಗಳಿಗೂ ನಂಟು ಒಂದೇ ತೆರನಾಗಿಲ್ಲ ಎಂಬುದನ್ನೂ ಮರೆಯಬಾರದು. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ 1935ರಿಂದ ನಡೆದುಬಂದ ಪ್ಲಾನ್ ಟು ಇದೆ. ಅದು ಹಲವು ವಿಷಯಗಳನ್ನು ಬೆಸೆದ ತನ್ನದೇ ಪದವಿ. ಯಾವ ಒಂದು ವಿಭಾಗದ ರ‍್ಯಾಂಕೂ ಅದನ್ನು ಅಳೆಯಲಾರದು. ಅದೇ ಆವರಣದ ಟ್ಯೂರಿಂಗ್ ಸ್ಕಾಲರ್ಸ್ ಕಂಪ್ಯೂಟರ್ ಸೈನ್ಸ್ ವಿಭಾಗದೊಳಗಿನ ಆನರ್ಸ್. ಅಲ್ಲಿ ವಿಭಾಗದ ಬಲ ನೇರವಾಗಿ ವಿದ್ಯಾರ್ಥಿಗೆ ದಕ್ಕುತ್ತದೆ.

ಇನ್ನೊಂದು ವಿಷಯದಲ್ಲಿ ನಮ್ಮ ಕುಟುಂಬಗಳು ಮೋಸಹೋಗುವುದು ನನಗೆ ಬಹಳ ನೋವಿನ ಸಂಗತಿ. ಆನರ್ಸ್‌ಗೆ ಆಯ್ಕೆಯಾದರೆ ಬೇಕಾದ ಮೇಜರ್, ಅಂದರೆ ಮುಖ್ಯ ವಿಷಯ, ಸಿಕ್ಕಿತು ಎಂದು ತಿಳಿಯುತ್ತಾರೆ. ಎಷ್ಟೋ ಕಡೆ ಎರಡಕ್ಕೂ ಸಂಬಂಧವಿಲ್ಲ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ದೇಶದಲ್ಲೇ ಮುಂಚೂಣಿಯದು. ಅಲ್ಲಿ ಬಹುಪಾಲು ಮಕ್ಕಳಿಗೆ ಸೀಟು ಸಿಗುವುದು ಮೊದಲ ಪ್ರವೇಶದಲ್ಲೇ; ಬೇರೆ ಮೇಜರ್‌ನಲ್ಲಿ ಸೇರಿ ಆಮೇಲೆ ದಾಟಿಕೊಳ್ಳುವುದು ತೀರ ಕಷ್ಟ, ಆನರ್ಸ್ ವಿದ್ಯಾರ್ಥಿಗೂ ಅಷ್ಟೇ. ಒಳಗೆ ಕಾಲಿಡಲಾಗದ ವಿಭಾಗದ ರ‍್ಯಾಂಕ್ ಎಷ್ಟಿದ್ದರೇನು?

ಮಕ್ಕಳ ಮನಸ್ಸೂ ಬದಲಾಗುತ್ತದೆ. ಅಮೆರಿಕದ ಪದವಿ ವಿದ್ಯಾರ್ಥಿಗಳಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಜನ ಮೊದಲ ಮೂರು ವರ್ಷದಲ್ಲೇ ಮೇಜರ್ ಬದಲಿಸುತ್ತಾರೆ ಎಂದು ಅಲ್ಲಿನ ಶಿಕ್ಷಣ ಇಲಾಖೆ 2017ರಲ್ಲಿ ಲೆಕ್ಕ ಕೊಟ್ಟಿತ್ತು. ಆದ್ದರಿಂದ ಒಂದು ವಿಭಾಗ ಐದನೆಯದಾಗಿದ್ದು ಉಳಿದವೆಲ್ಲ ಸೊರಗಿರುವ ಕಡೆಗಿಂತ, ಭೌತಶಾಸ್ತ್ರ, ಗಣಿತ, ಅರ್ಥಶಾಸ್ತ್ರ, ಜೀವಶಾಸ್ತ್ರ ಎಲ್ಲವೂ ಮೂವತ್ತು ನಲವತ್ತರ ಆಸುಪಾಸಿನಲ್ಲಿ ಗಟ್ಟಿಯಾಗಿರುವ ಸ್ವಂತ ರಾಜ್ಯದ ವಿಶ್ವವಿದ್ಯಾಲಯವೇ ಹದಿನೇಳರ ಹುಡುಗಿಗೆ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊರರಾಜ್ಯದವರ ಶುಲ್ಕ ಸ್ಥಳೀಯರ ಶುಲ್ಕಕ್ಕಿಂತ ಎರಡು ಮೂರು ಪಟ್ಟು ಇರುವುದೂ ಉಂಟು. ಹತ್ತು ಸ್ಥಾನದ ಏರಿಕೆಗಾಗಿ ಆ ಸಾಲ ತಲೆಮೇಲೆ ಹೊರುವುದು ಬೇಡ.

ಪಟ್ಟಿಯ ಜೊತೆಗೆ ನೋಡಲೇಬೇಕಾದ ದಾಖಲೆಯೊಂದಿದೆ, ಆದರೂ ಅದನ್ನು ತೆರೆಯುವವರು ಕಡಿಮೆ. ಪೆನ್ ಸ್ಟೇಟ್‌ನ ಶ್ರೈಯರ್ ಕಾಲೇಜಿನ ವಿದ್ಯಾರ್ಥಿಗಳು ಬರೆದ ಥೀಸಿಸ್‌ಗಳು ಬಹುಪಾಲು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತವೆ. ಬ್ಯಾರೆಟ್‌ನವೂ ಬಹಳಷ್ಟು ಸಿಗುತ್ತವೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳಿಗಿಷ್ಟದ ವಿಭಾಗದ ಹೆಸರು ಕೊಟ್ಟು ಹುಡುಕಿ. ಇತ್ತೀಚಿನ ವರ್ಷಗಳಲ್ಲಿ ಎಷ್ಟು ಬಂದಿವೆ, ಎಷ್ಟು ಬೇರೆಬೇರೆ ಪ್ರಾಧ್ಯಾಪಕರು ಮಾರ್ಗದರ್ಶನ ಮಾಡಿದ್ದಾರೆ, ಅಥವಾ ಇಬ್ಬರೇ ಎಲ್ಲರ ಭಾರ ಹೊತ್ತಿದ್ದಾರೆಯೇ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಹಾಗೆ ಪ್ರಕಟಿಸದ ಕಾಲೇಜಿಗೆ ಏಪ್ರಿಲ್‌ನಲ್ಲಿ ಭೇಟಿ ಕೊಟ್ಟಾಗ ಇವನ್ನೇ ಕೇಳಬೇಕು: ನಮ್ಮ ಮೇಜರ್‌ನಲ್ಲಿ ಆನರ್ಸ್ ತರಗತಿಗಳು ಎಷ್ಟಿವೆ, ಸೇರಿದವರಲ್ಲಿ ಎಷ್ಟು ಜನ ಥೀಸಿಸ್ ಮುಗಿಸಿದರು, ಲ್ಯಾಬಿನಲ್ಲಿ ಜಾಗ ಯಾವ ವರ್ಷಕ್ಕೆ ಸಿಗುತ್ತದೆ. ಉತ್ತರ ಕಾಲೇಜಿನ ಅಧಿಕಾರಿಗಳಿಂದ ಬಂದರೆ ಸಾಲದು, ಅಲ್ಲಿ ನಾಲ್ಕನೇ ವರ್ಷ ಓದುತ್ತಿರುವ ಇಬ್ಬರು ಮೂವರನ್ನು ಮಗಳೇ ಮಾತಾಡಿಸಲಿ.